ಕೋಣೆಗೆ ಇರುವಷ್ಟು ಮಾತು

ರಾತ್ರಿ ಊಟದ ಹೊತ್ತಿಗೆ ನಮ್ಮ ನಡುಮನೆಯಲ್ಲಿ ಸ್ವಲ್ಪವಾದರೂ ಮಾತು ಉಳಿದಿರಬೇಕು ಎಂಬುದು ನನ್ನ ಹಟ. ಅದಕ್ಕಾಗಿ ಹಗಲೆಲ್ಲ ಮನೆಯವರನ್ನು ಹೊರಗೆ ಅಟ್ಟುತ್ತಿರುತ್ತೇನೆ. ಅತ್ತೆಗೆ ಮಾತು ಜಾಸ್ತಿ. ಅವರು ಕಾಫಿ ಲೋಟ ಹಿಡಿದು ಅಂಗಳದ ಕರಿಬೇವಿನ ಗಿಡದ ಪಕ್ಕ ಕೂತು, ಕಾಂಪೌಂಡಿನ ಆಚೆಯ ಗೌರಕ್ಕನ ಜೊತೆ ಬೇಕಾದಷ್ಟು ಆಡಿ, ಹಗುರಾಗಿ ಒಳಗೆ ಬರುತ್ತಾರೆ. ನಮ್ಮೂರಿನಲ್ಲಿ ಆಕಾಶದ ಕೆಳಗೆ ಮಾತಿಗೆ ಮಿತಿಯಿಲ್ಲ. ಸೂರಿನ ಕೆಳಗೆ ಮಾತ್ರ ಪ್ರತಿ ಕೋಣೆಗೂ ದಿನಕ್ಕೆ ಇಷ್ಟೇ ಎಂದಿದೆ. ಯಾರು ಆಡಿದರೂ ಅದರಲ್ಲೇ ಕಳೆಯುತ್ತದೆ. ತೀರಿದ ಮೇಲೆ ತುಟಿ ಆಡುತ್ತದೆ, ಸದ್ದು ಬರುವುದಿಲ್ಲ. ಬೆಳಗಾಗುವಷ್ಟರಲ್ಲಿ ಬಾವಿಯಲ್ಲಿ ನೀರು ಊರಿದ ಹಾಗೆ ಮತ್ತೆ ತುಂಬಿಕೊಂಡಿರುತ್ತದೆ. ದೊಡ್ಡ ಕೋಣೆಗೆ ಹೆಚ್ಚು, ಚಿಕ್ಕ ಕೋಣೆಗೆ ಕಡಿಮೆ. ಕೂಗಿದರೂ ಪಿಸುಗುಟ್ಟಿದರೂ ಖರ್ಚು ಒಂದೇ. ನಗುವಿಗೆ, ಅಳುವಿಗೆ ಲೆಕ್ಕವಿಲ್ಲ. ಮಕ್ಕಳಿರುವ ಮನೆಗಳಿಗೆ ಅದೊಂದು ಪುಣ್ಯ.

ಹುಟ್ಟಿದಾಗಿನಿಂದ ಹೀಗೇ ಇರುವುದರಿಂದ ನಮಗೆ ಇದೇನೂ ಕಷ್ಟವೆನಿಸುವುದಿಲ್ಲ. ಜಗಳವಾಡುವ ಗಂಡ ಹೆಂಡತಿ "ನಡಿ ಹೊರಗೆ" ಎಂದು ಮೆಟ್ಟಿಲಿಳಿದು ಬೀದಿಯಲ್ಲಿ ನಿಂತು ಆಡಿ, ಮುಗಿಸಿ ಒಳಗೆ ಹೋಗುತ್ತಾರೆ. ಡಾಕ್ಟರು ಮಧ್ಯಾಹ್ನದ ಮೇಲೆ ರೋಗಿಗಳನ್ನು ಬೇವಿನ ಮರದಡಿ ನೋಡುತ್ತಾರೆ. ಬಚ್ಚಲಲ್ಲಿ ಹಾಡುವ ನನ್ನ ಯಜಮಾನರಿಗೆ ಮಾತ್ರ ಬುದ್ಧಿ ಬಂದಿಲ್ಲ. ಸೋಪು ಕೇಳಬೇಕಾದಾಗ ಮಾತು ತೀರಿ, ಒಳಗಿನಿಂದ ಬಾಗಿಲು ಬಡಿಯುತ್ತಾ ಇರುತ್ತಾರೆ.

ನಮ್ಮ ಮನೆಯ ಊಟದಲ್ಲಿ ಒಂದು ಪದ್ಧತಿಯಿದೆ. ಯಾರ ತಟ್ಟೆಗೆ ಮೊದಲು ಅನ್ನ ಬೀಳುತ್ತದೋ ಅವರ ಮಾತು ಮೊದಲು. ಹಿಂದೆ ಮಾವನವರಿಗೆ ಮೊದಲು ಬಡಿಸುತ್ತಿದ್ದರು. ಈಗ ನಾನು ಚಿಕ್ಕವಳು ಕುಸುಮಿಗೆ ಮೊದಲು ಬಡಿಸುತ್ತೇನೆ. ಅವಳಿಗೆ ಮೂರು ವರ್ಷ. ಒಂದು ಮಾತು ಹುಡುಕಿ ತರಲು ಅವಳಿಗೆ ಬಹಳ ಹೊತ್ತು ಬೇಕು. ಅಕ್ಕ ಪಾವನಿಗೆ ತಡೆಯಲಾಗುವುದಿಲ್ಲ, "ನಾನೇ ಹೇಳಿಬಿಡ್ಲಾ ಅಮ್ಮ?" ಎಂದು ಕಣ್ಣಲ್ಲೇ ಕೇಳುತ್ತಾಳೆ. ನಾನು ತಲೆಯಾಡಿಸುತ್ತೇನೆ. ಅನ್ನ ಆರುತ್ತದೆ, ಆರಲಿ. ಕೊನೆಗೆ ಕುಸುಮಿ "ನಾಯಿ... ಕೆಮ್ಮಿತು" ಎನ್ನುತ್ತಾಳೆ. ಅಷ್ಟಕ್ಕೆ ಮನೆಯೆಲ್ಲ ನಗುತ್ತದೆ.

ನಾನು ಊರಿನ ಕೊಡೆ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸದವಳು. ಕಡ್ಡಿ ಜೋಡಿಸುವವರು ಒಂದು ಕಡೆ, ಬಟ್ಟೆ ಕತ್ತರಿಸುವವರು ಒಂದು ಕಡೆ, ಹೊಲಿಯುವ ನಾವು ಕಿಟಕಿಯ ಕಡೆ. ನಮ್ಮ ಯಂತ್ರಗಳ ಹಿಂದೆ, ಒಂದೇ ಗೋಡೆಯ ಆಚೆ, ಕೂಸಿನ ಕೋಣೆ. ತಿಮ್ಮಜ್ಜಿ ಅಲ್ಲಿ ನಮ್ಮ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಮಕ್ಕಳು ಮಾತು ಬಳಸುವುದು ಕಡಿಮೆಯಾದ್ದರಿಂದ ಇಡೀ ಕಾರ್ಖಾನೆಯಲ್ಲಿ ಸಂಜೆಯಾದರೂ ಮಾತು ತೀರದ ಕೋಣೆ ಅದೊಂದೇ. ಆ ಕೋಣೆ ಇಲ್ಲದಿದ್ದರೆ ನನಗೆ ಕೆಲಸವಿಲ್ಲ. ನನ್ನ ಯಜಮಾನರು ರುದ್ರೇಶ ಸರಕು ಸಾಗಿಸುವ ಆಟೋ ಓಡಿಸುತ್ತಾರೆ, ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವುದು. ಅತ್ತೆಯ ಮಂಡಿಗೆ ಕುಸುಮಿಯ ಹಿಂದೆ ಓಡುವ ಶಕ್ತಿಯಿಲ್ಲ, ಹಿತ್ತಿಲಲ್ಲಿ ಕಟ್ಟೆ ತಗ್ಗಿದ ಬಾವಿಯಿದೆ.

ಪ್ರತಿ ಶನಿವಾರ ಮಧ್ಯಾಹ್ನ ಕಾರ್ಖಾನೆಯಲ್ಲಿ ಮೀಟಿಂಗ್. ಉದ್ದದ ಮೇಜಿನ ಮೇಲ್ತುದಿಯಲ್ಲಿ ಮ್ಯಾನೇಜರ್ ಪಂಚಾಕ್ಷರಯ್ಯನವರು, ಅವರ ಪಕ್ಕ ಖರೀದಿ ನೋಡಿಕೊಳ್ಳುವ ವಾಮನರಾಯರು, ಆಮೇಲೆ ಕಡ್ಡಿ ಜೋಡಿಸುವ ದ್ಯಾವಣ್ಣ ಮತ್ತು ಅವನ ಕಡೆಯವರು, ಆಮೇಲೆ ಹೊಲಿಗೆಯ ನಾವು, ಬಾಗಿಲ ಹತ್ತಿರದ ತುದಿಯಲ್ಲಿ ಹೊಸದಾಗಿ ಸೇರಿದವರು. ನಮ್ಮಲ್ಲಿ ಮಾತು ಟೀ ಲೋಟದ ಜೊತೆ ಸಾಗುತ್ತದೆ. ಯಾರ ಕೈಗೆ ಟೀ ಬರುತ್ತದೋ ಅವರ ಸರದಿ. ಹೊಲಿಗೆಯವರಲ್ಲಿ ವಾರಕ್ಕೊಬ್ಬರು ತಟ್ಟೆ ಹಿಡಿದು ಮೇಲ್ತುದಿಯಿಂದ ಹೊರಡುತ್ತೇವೆ.

ಪಂಚಾಕ್ಷರಯ್ಯನವರು ಕೆಟ್ಟವರಲ್ಲ. ಮಕ್ಕಳಿಗೆ ಜ್ವರ ಬಂದರೆ ಕೇಳದೆಯೇ ರಜೆ ಕೊಡುತ್ತಾರೆ. ಆದರೆ ಟೀ ಕೈಗೆ ಬಂದರೆ ಅವರಿಗೆ ಲೋಕ ಮರೆತುಹೋಗುತ್ತದೆ. ಎಲ್ಲರಿಗೂ ಸ್ವಾಗತ, ಹೋದ ವಾರದ ಕೆಲಸದ ವರದಿ, ಆ ವರದಿಯಿಂದ ನೆನಪಾದ ತಮ್ಮ ಹುಡುಗುತನ, ಬಸ್ ನಿಲ್ದಾಣದಲ್ಲಿ ಮುರಿದ ಕೊಡೆ ರಿಪೇರಿ ಮಾಡುತ್ತಿದ್ದ ದಿನಗಳು, ಅಂದಿನ ಮಳೆ, ಇಂದಿನ ಮಳೆ. ವಾಮನರಾಯರಿಗೆ ಲೋಟ ಮುಟ್ಟುವಾಗ ಕೋಣೆಯ ಮಾತು ಅರ್ಧಕ್ಕಿಂತ ಕಡಿಮೆ. ವಾಮನರಾಯರು ಬಟ್ಟೆಯ ದರ ಹೇಳಿ ಮುಗಿಸಿ, ಲೋಟ ದ್ಯಾವಣ್ಣನ ಹತ್ತಿರ ಬಂದರೆ ಅವನಿಗೆ ಒಂದು ತಮಾಷೆಗೆ ಸಾಕಾಗುವಷ್ಟು ಉಳಿದಿರುತ್ತದೆ, ಅವನು ಅದನ್ನು ತಮಾಷೆಗೇ ಬಳಸುತ್ತಾನೆ. ಆಗ ಪಂಚಾಕ್ಷರಯ್ಯನವರು ಕೊನೆಯದಾಗಿ ಕೇಳುತ್ತಾರೆ: "ಯಾರದ್ದಾದ್ರೂ ಆಕ್ಷೇಪಣೆ ಇದ್ರೆ ಧಾರಾಳವಾಗಿ ಹೇಳ್ಬೋದು." ಆ ವಾಕ್ಯದೊಂದಿಗೆ ಮಾತು ಪೂರ್ತಿ ತೀರುತ್ತದೆ. ಅವರು ಮರ್ಯಾದೆಯಿಂದ ಕಾಯುತ್ತಾರೆ. ನಾವು ಕೆಳತುದಿಯಲ್ಲಿ ಮೀನುಗಳ ಹಾಗೆ ಬಾಯಿ ತೆರೆದು ಮುಚ್ಚುತ್ತೇವೆ. ಮೀಟಿಂಗಿನಲ್ಲಿ ಕೈ ಬೀಸುವುದು ನಮ್ಮಲ್ಲಿ ಒರಟುತನ. ಸದ್ದು ಬರದಿದ್ದರೆ ಒಪ್ಪಿಗೆ ಎಂದು ಕಾರ್ಖಾನೆಯ ನಿಯಮ. ಅವರು ಕನ್ನಡಕ ತೆಗೆದು ಪೆಟ್ಟಿಗೆಯಲ್ಲಿಟ್ಟರೆ ಮುಗಿಯಿತು.

ಇದನ್ನು ಸರಿಪಡಿಸಲು ಯಾರೂ ಪ್ರಯತ್ನಿಸಲಿಲ್ಲವೆಂದಲ್ಲ. ಒಮ್ಮೆ ಚೀಟಿ ಬರೆದು ಡಬ್ಬಿಗೆ ಹಾಕಿದೆವು. ಪಂಚಾಕ್ಷರಯ್ಯನವರು ಅವನ್ನು ಮನೆಗೆ ಒಯ್ದು ಪ್ರೀತಿಯಿಂದ ಓದಿ, ಪ್ರತಿಯೊಂದಕ್ಕೂ ಮುಂದಿನ ಶನಿವಾರ ಉತ್ತರ ಹೇಳತೊಡಗಿದರು. ಭಾಷಣ ಇನ್ನೂ ಉದ್ದವಾಯಿತು. ಇನ್ನೊಮ್ಮೆ ಮೀಟಿಂಗನ್ನೇ ಬಯಲಿಗೆ ತಂದೆವು. ಅಲ್ಲಿ ಮಾತಿಗೆ ಕೊನೆಯಿಲ್ಲ ಎಂದು ಎಲ್ಲರೂ ಒಟ್ಟಿಗೆ ಶುರುಮಾಡಿದರು. ಕೇಳುವವರು ಕಾಗೆಗಳು ಮಾತ್ರ. ದ್ಯಾವಣ್ಣ ಮತ್ತು ವಾಮನರಾಯರು ಏನು ವಿಷಯವೆಂದು ಇಬ್ಬರಿಗೂ ತಿಳಿಯದ ಒಂದು ಜಗಳವಾಡಿ ತಿಂಗಳುಗಟ್ಟಲೆ ಮುಖ ತಿರುಗಿಸಿಕೊಂಡಿದ್ದರು. ಆಮೇಲೆ ಬಂತು ಎಲ್ಲರಿಗೂ ಮೆಚ್ಚುಗೆಯಾದ ಉಪಾಯ: ಕೋಣೆ ದೊಡ್ಡದು ಮಾಡಿದರೆ ಮಾತು ಹೆಚ್ಚುತ್ತದಲ್ಲ! ಮೀಟಿಂಗ್ ಕೋಣೆಗೂ ಪಡುವಣ ಪಕ್ಕದ ನೂಲಿನ ಉಗ್ರಾಣಕ್ಕೂ ನಡುವಿದ್ದ ಗೋಡೆ ಒಡೆದೆವು. ಕೋಣೆ ಎರಡರಷ್ಟಾಯಿತು. ಮಾತೂ ಎರಡರಷ್ಟಾಯಿತು. ಪಂಚಾಕ್ಷರಯ್ಯನವರ ಬಸ್ ನಿಲ್ದಾಣಕ್ಕೆ ಹೊಸ ಬಸ್ಸುಗಳು ಬರತೊಡಗಿದವು, ಅಷ್ಟೇ.

ಜಾಗ ಕಳೆದುಕೊಂಡ ನೂಲು, ಬಟ್ಟೆಯ ಸುರುಳಿಗಳು ಜಗುಲಿಯಲ್ಲಿ ಟಾರ್ಪಾಲಿನ ಕೆಳಗೆ ಉಳಿದವು. ಹೋದ ಮಳೆಗಾಲದಲ್ಲಿ ನೆನೆದು ಬಹಳಷ್ಟು ಹಾಳಾಯಿತು. ಕೊಡೆ ಮಾಡುವ ಕಾರ್ಖಾನೆಯ ಬಟ್ಟೆ ಮಳೆಯಲ್ಲಿ ನೆನೆದು ಹಾಳಾಯಿತೆಂದು ಊರೆಲ್ಲ ನಕ್ಕಿತು. ಈ ವರ್ಷ ಮುಂಗಾರಿನ ಮೊದಲೇ ಏನಾದರೂ ಮಾಡಬೇಕಿತ್ತು. ಹೀಗಿರುವಾಗ ಒಂದು ಶನಿವಾರ ಪಂಚಾಕ್ಷರಯ್ಯನವರು ಭಾಷಣದ ಮಧ್ಯೆ ಹೇಳಿದರು: "ನೂಲಿಗೆ ಕೂಸಿನ ಕೋಣೆ ಬಿಟ್ರೆ ಬೇರೆ ಒಣ ಜಾಗ ಕಾಣ್ತಿಲ್ಲ. ಮುಂದಿನ ಶನಿವಾರ ತೀರ್ಮಾನ ಮಾಡೋಣ. ತಾಯಂದಿರು ಏನಾದ್ರೂ ವ್ಯವಸ್ಥೆ ಮಾಡ್ಕೋಬೇಕಾಗುತ್ತೆ."

ನಾನು ಎದ್ದು ನಿಂತೆ. ತುಟಿ ಆಡಿಸಿದೆ. ಟೀ ಇನ್ನೂ ದ್ಯಾವಣ್ಣನನ್ನು ದಾಟಿರಲಿಲ್ಲ, ಮಾತು ಆಗಲೇ ತೀರಿಹೋಗಿತ್ತು. ಬಾಗಿಲ ಹತ್ತಿರ ಕೂತಿದ್ದ ಮೆಹರುನ್ನಿಸಾ ನನ್ನ ಮುಖ ನೋಡಿದಳು. ಅವಳು ಸೇರಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ, ಕೈಕೂಸನ್ನು ತಿಮ್ಮಜ್ಜಿಯ ಹತ್ತಿರ ಬಿಟ್ಟು ಕೊಡೆ ಕಟ್ಟುವ ಪಟ್ಟಿಗಳಿಗೆ ಕಾಜಾ ಹೊಲಿಯುತ್ತಿದ್ದಳು. ಗೋಡೆಯ ಆಚೆಯಿಂದ ಯಾವುದೋ ಮಗು ಅಳುವುದು ಕೇಳಿಸಿತು. ನಮ್ಮಿಬ್ಬರದ್ದೂ ಅಲ್ಲವೆಂದು ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು.

ಹೊರಗೆ ಗೇಟಿನ ಹತ್ತಿರ ಪಂಚಾಕ್ಷರಯ್ಯನವರನ್ನು ಹಿಡಿದೆ. "ಸಾರ್, ಕೂಸಿನ ಕೋಣೆ..."

"ಮೀಟಿಂಗ್ ವಿಷಯ ಮೀಟಿಂಗ್‌ನಲ್ಲೇ ಹೇಳ್ಬೇಕು ಸುಗುಣಮ್ಮ. ಹೊರಗಡೆ ಒಬ್ಬೊಬ್ಬರ ಮಾತು ಕೇಳಿ ತೀರ್ಮಾನ ಮಾಡಿದ್ರೆ ಅನ್ಯಾಯ ಆಗುತ್ತೆ. ಅಲ್ಲಿ ಎಲ್ಲರಿಗೂ ಅವಕಾಶ ಇರುತ್ತಲ್ಲ?" ಎಂದರು. ಮನಸ್ಸಿನಲ್ಲಿದ್ದುದನ್ನೇ ಹೇಳಿದರು, ಅದೇ ಕಷ್ಟ.

ಮನೆಯಲ್ಲಿ ರಾತ್ರಿ ಅತ್ತೆಗೆ ಹೇಳಿದೆ. "ಅವರಿಗೆ ಮೊದಲು ಬಡಿಸಬಾರದು ಕಣೇ" ಎಂದರು ಅತ್ತೆ. ಅಷ್ಟರಲ್ಲಿ ನಡುಮನೆಯ ಮಾತು ತೀರಿತು. ಆದರೆ ನನಗೆ ಅಷ್ಟು ಸಾಕಾಗಿತ್ತು.

ಬುಧವಾರ ಕೆಲಸ ಮುಗಿದ ಮೇಲೆ ಕುಸುಮಿಯನ್ನು ಎತ್ತಿಕೊಂಡು ಪಂಚಾಕ್ಷರಯ್ಯನವರ ಮನೆಗೆ ಹೋದೆ. ಚಿಕ್ಕ ಮನೆ, ಅಡುಗೆಯೂ ಸೇರಿ ಇರುವುದೇ ಒಂದು ಕೋಣೆ. ಅವರ ಹೆಂಡತಿ ಶಕುಂತಲಮ್ಮ ಮಕ್ಕಳಿಗೆ ಪಾಠ ಹೇಳಿಕೊಡುತ್ತಾರೆಂದು ಗೊತ್ತಿತ್ತು. ಮೆಟ್ಟಿಲ ಹತ್ತಿರ ಬರುವಾಗ ಮಕ್ಕಳು ಒಕ್ಕೊರಲಿನಿಂದ ಹದಿನಾರರ ಮಗ್ಗಿ ಹೇಳುವುದು ಕೇಳುತ್ತಿತ್ತು. ಇದ್ದಕ್ಕಿದ್ದ ಹಾಗೆ ನಡುವೆ ನಿಂತುಹೋಯಿತು. ಒಳಗೆ ಇಣುಕಿದರೆ ಮಕ್ಕಳ ಬಾಯಿಗಳು ಆಡುತ್ತಲೇ ಇವೆ, ಸದ್ದಿಲ್ಲ. ಶಕುಂತಲಮ್ಮ ಚಪ್ಪಾಳೆ ತಟ್ಟಿದರು. ಮಕ್ಕಳು ಚೀಲ ಎತ್ತಿಕೊಂಡು ಹೊರಗೆ ಓಡಿ, ಬೀದಿಗೆ ಇಳಿದ ಕೂಡಲೇ ಕಿರುಚಾಡತೊಡಗಿದರು.

ಪಂಚಾಕ್ಷರಯ್ಯನವರು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ನನ್ನನ್ನು ನೋಡಿ ಬಾಯಿ ತೆರೆದರು. ಏನೂ ಬರಲಿಲ್ಲ. ಕೆಳತುದಿಯಲ್ಲಿ ನಮ್ಮ ಮುಖ ಹೇಗೆ ಕಾಣುತ್ತದೆಂದು ನಾನು ಅಂದು ಮೊದಲ ಸಲ ಕಂಡೆ. ಅವರು ನಾಚಿಕೊಂಡು ನಕ್ಕು, ಹೊರಗೆ ಬನ್ನಿ ಎಂದು ತಲೆಯಲ್ಲೇ ಹೇಳಿ, ಮಫ್ಲರ್ ಸುತ್ತಿಕೊಂಡು ಮೆಟ್ಟಿಲ ಮೇಲೆ ಬಂದು ಕೂತರು.

ಕೂತ ತಕ್ಷಣ ಶುರುವಾಯಿತು. ಬೆಳಿಗ್ಗೆ ತಿಂದ ಉಪ್ಪಿಟ್ಟು, ಎದುರು ಮನೆಯವರು ಬಣ್ಣ ಹೊಡೆಸಿದ್ದು, ಅವರ ಬಣ್ಣದ ಆಯ್ಕೆ, ತಮ್ಮ ಅಣ್ಣನ ಮಗಳ ಮದುವೆ ಮಾತುಕತೆ. ಕುಸುಮಿ ನನ್ನ ಹೆಗಲ ಮೇಲೆ ನಿದ್ದೆ ಹೋದಳು. ನಾನು ತಡೆಯಲಿಲ್ಲ. ಹಸಿದು ಬಂದ ಮಕ್ಕಳು ಉಣ್ಣುವಾಗ ಮಧ್ಯೆ ಬಾಯಿ ಹಾಕಬಾರದು. ಒಂದು ಹಂತದಲ್ಲಿ ತಾವಾಗಿಯೇ ಮಾತು ನಿಲ್ಲಿಸಿದರು.

"ಮನೇಲಿ ಇದನ್ನೆಲ್ಲ ಯಾವಾಗ ಮಾತಾಡ್ತೀರಿ ಸಾರ್?" ಎಂದೆ.

"ಮನೇಲಾ?" ಎಂದು ಅವರು ಹಿಂದೆ ತಿರುಗಿ ಕೋಣೆಯ ಕಡೆ ನೋಡಿದರು. "ನಾನು ಬರೋ ಹೊತ್ತಿಗೆ ಮಗ್ಗಿಗೇ ಖರ್ಚಾಗಿರುತ್ತೆ. ಪಾಪ, ಅವಳು ಏನ್ ಮಾಡ್ತಾಳೆ, ಮಕ್ಕಳು ಕಲೀಬೇಕಲ್ಲ. ಹೊರಗೆ ಕೂತ್ರೆ ಈ ಗಾಳಿಗೆ ನಂಗೆ ಎದೆ ಕಟ್ಟುತ್ತೆ." ಮತ್ತೆ ನನ್ನ ಕಡೆ ತಿರುಗಿ, "ಶನಿವಾರ ಮಾತಾಡ್ತೀನಲ್ಲ" ಎಂದರು.

ನಾನು ಬರುವ ದಾರಿಯಲ್ಲಿ ಬಲು ಬಿಗಿಯಾಗಿ ಜೋಡಿಸಿಕೊಂಡು ಬಂದಿದ್ದ ಮಾತುಗಳು ಅಲ್ಲೇ ಸಡಿಲವಾದವು.

"ಕೂಸಿನ ಕೋಣೆ ವಿಷಯಕ್ಕೆ ಬಂದಿದ್ರೆ," ಎಂದು ಅವರೇ ಎಚ್ಚರಿಸಿದರು, "ಅದು ಮೀಟಿಂಗ್..."

"ಅದಕ್ಕಲ್ಲ ಸಾರ್. ಟೀ ವಿಷಯಕ್ಕೆ ಬಂದೆ. ಈ ಶನಿವಾರ ಸರದಿ ನಂದು. ಎರಡು ಸಲ ಟೀ ಕೊಡ್ಲಾ ಅಂತ. ಮೊದಲನೇದು ಅಂಗಳದಲ್ಲಿ, ಬಿಸಿಲು ಚೆನ್ನಾಗಿರೋವಾಗ. ನೀವು ಹೇಳೋದೆಲ್ಲ ಅಲ್ಲಿ ಹೇಳಿ. ಕೊಡೆ ರಿಪೇರಿ ಕಥೆ, ಎಲ್ಲ. ಎಷ್ಟು ಹೊತ್ತಾದ್ರೂ ಸರಿ, ಒಬ್ಬರೂ ಮಧ್ಯೆ ಮಾತಾಡದ ಹಾಗೆ ನಾನು ನೋಡ್ಕೋತೀನಿ. ಆಮೇಲೆ ಒಳಗೆ ಹೋಗಿ ಎರಡನೇ ಟೀ. ಅದನ್ನ ಬಾಗಿಲ ಕಡೆಯಿಂದ ಶುರು ಮಾಡ್ತೀನಿ."

ಪಂಚಾಕ್ಷರಯ್ಯನವರು ಮುಖ ಗಂಟಿಕ್ಕಿದರು. "ಅಂದ್ರೆ ನಾನು ಜಾಸ್ತಿ ಮಾತಾಡ್ತೀನಿ ಅಂತ."

"ಜಾಸ್ತಿ ಅಲ್ಲ ಸಾರ್, ಮೊದಲು."

ಅವರು ಮಫ್ಲರಿನ ತುದಿ ಹಿಡಿದು ತಿರುವತೊಡಗಿದರು.

"ನಿಮ್ಮ ಕಥೆ ಕೇಳೋಕೆ ಚೆನ್ನಾಗಿರುತ್ತೆ. ಆದ್ರೆ ಒಳಗೆ ಕೂತು ಕೇಳುವಾಗ, ಅಯ್ಯೋ ನಮ್ಮ ಪಾಲು ಖಾಲಿ ಆಗ್ತಿದೆ ಅನ್ನೋ ಸಂಕಟದಲ್ಲಿ ಒಂದೂ ಕಿವಿಗೆ ಬೀಳಲ್ಲ. ಆ ಬಸ್ ನಿಲ್ದಾಣದಲ್ಲಿ ಒಬ್ಬ ಅಜ್ಜ ಕೊಡೆ ತಂದಿದ್ನಲ್ಲ, ಆಮೇಲೇನಾಯ್ತು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ."

"ಗೊತ್ತಿಲ್ವಾ? ಅಷ್ಟು ಸಲ ಹೇಳಿದೀನಿ!" ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. ಒಳಗೆ ಶಕುಂತಲಮ್ಮ ಬಾಗಿಲಿಗೆ ಒರಗಿ ನಿಂತು ಸದ್ದಿಲ್ಲದೆ ಕೇಳಿಸಿಕೊಳ್ಳುತ್ತಿದ್ದರು. ಅವರ ಕಡೆ ಒಮ್ಮೆ, ನನ್ನ ಹೆಗಲ ಮೇಲಿದ್ದ ಕುಸುಮಿಯ ಕಡೆ ಒಮ್ಮೆ ನೋಡಿ ಪಂಚಾಕ್ಷರಯ್ಯನವರು ಎದ್ದರು. "ಒಂದು ಸಲ. ಒಂದೇ ಸಲ ನೋಡೋಣ."

ಶನಿವಾರ ಅಂಗಳದಲ್ಲಿ ಟೀ ಕೊಟ್ಟೆ. ಎಲ್ಲರೂ ಬಿಸಿಲಿಗೆ ಬೆನ್ನು ಕೊಟ್ಟು ಕೂತರು. ಪಂಚಾಕ್ಷರಯ್ಯನವರು ಮೊದಮೊದಲು ಆತುರದಲ್ಲಿ ಮಾತಾಡಿದರು, ಎಲ್ಲಿ ತೀರಿಹೋಗುತ್ತದೋ ಎಂಬಂತೆ. ತೀರುವುದಿಲ್ಲವೆಂದು ನೆನಪಾದ ಮೇಲೆ ನಿಧಾನವಾದರು. ಅಜ್ಜನ ಕಥೆಯೂ ಬಂತು. ಅಜ್ಜ ತಂದದ್ದು ಕೊಡೆಯಲ್ಲ, ಹಿಡಿ ಮಾತ್ರವಂತೆ. "ಉಳಿದದ್ದು ಹಾಕಿಕೊಡು" ಎಂದಿದ್ದನಂತೆ. ದ್ಯಾವಣ್ಣ ಟೀ ಮೂಗಿಗೆ ಏರುವಷ್ಟು ನಕ್ಕ. ಕೆಮ್ಮು ನಿಂತ ಮೇಲೆ "ಇಷ್ಟು ವರ್ಷ ಇದನ್ನ ಎಲ್ಲಿ ಮುಚ್ಚಿಟ್ಟಿದ್ರಿ ಸಾರ್?" ಎಂದ. ಪಂಚಾಕ್ಷರಯ್ಯನವರ ಮುಖ ನೋಡಬೇಕಿತ್ತು. ಮೊದಲ ಸಲ ಶಾಲೆಯಲ್ಲಿ ಬಹುಮಾನ ಬಂದಾಗ ಪಾವನಿಯ ಮುಖ ಹಾಗಿತ್ತು.

ಒಳಗೆ ಹೋದೆವು. ಅಷ್ಟು ದೊಡ್ಡ ಕೋಣೆ, ಕಂಠದವರೆಗೆ ತುಂಬಿದ ಮಾತು. ಪಂಚಾಕ್ಷರಯ್ಯನವರು ಅಭ್ಯಾಸಬಲದಿಂದ "ಎಲ್ಲರಿಗೂ..." ಎಂದು ಶುರುಮಾಡಿ, ತಟ್ಟೆ ತಮ್ಮ ಕಡೆ ಬಾರದ್ದು ಕಂಡು ನಿಲ್ಲಿಸಿ, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡರು. ನಾನು ಮೊದಲ ಲೋಟವನ್ನು ಮೆಹರುನ್ನಿಸಾಳ ಮುಂದಿಟ್ಟೆ.

ಅವಳು ಲೋಟ ನೋಡಿದಳು. ನನ್ನನ್ನು ನೋಡಿದಳು. ಬಾಯಿ ತೆರೆಯಲಿಲ್ಲ.

ಮಾತು ಇಲ್ಲದೆ ಸುಮ್ಮನಿರುವುದು ನಮಗೆ ಗೊತ್ತಿತ್ತು. ಇಷ್ಟು ಮಾತು ಇಟ್ಟುಕೊಂಡು ಸುಮ್ಮನಿರುವುದು ಹೊಸದು. ಕುರ್ಚಿಗಳು ಕಿರುಗುಟ್ಟಿದವು. ವಾಮನರಾಯರು ಗಡಿಯಾರ ನೋಡಿ "ಆಯಮ್ಮಂಗೆ ಏನೂ ಇಲ್ಲ ಅಂದ್ರೆ ಮುಂದೆ ಹೋಗ್ಲಿ" ಎಂದರು. ದ್ಯಾವಣ್ಣ "ಕುಡೀಲಿ ಬಿಡ್ರೀ ಮೊದಲು" ಎಂದ. ಪಂಚಾಕ್ಷರಯ್ಯನವರ ಮೈ ಮುಂದೆ ಬಾಗಿತು, ಅವಳಿಗೆ ಸಹಾಯ ಮಾಡಬೇಕೆಂದೇ ಇರಬೇಕು, ಆ ಖಾಲಿಯನ್ನು ತುಂಬಿಬಿಡೋಣವೆಂದು. ನಾನು ಅವರ ಕಡೆ ಅಂಗೈ ತೋರಿಸಿದೆ. ಮೀಟಿಂಗಿನಲ್ಲಿ ಕೈ ಎತ್ತಬಾರದೆಂದು ಆಮೇಲೆ ನೆನಪಾಯಿತು. ಆದರೆ ಅವರು ಹಿಂದಕ್ಕೆ ಒರಗಿದರು. ನಾನು ಮೆಹರುನ್ನಿಸಾಳ ಮುಖ ನೋಡದೆ ತಟ್ಟೆ ಒರೆಸುತ್ತಾ ನಿಂತೆ. ನೋಡುತ್ತಿದ್ದರೆ ಕುಸುಮಿಗೂ ಮಾತು ಬರುವುದಿಲ್ಲ.

"ಈ ಕೋಣೆ," ಎಂದಳು ಮೆಹರುನ್ನಿಸಾ ಕೊನೆಗೆ, "ಇಷ್ಟು ದೊಡ್ಡದು ಯಾಕೆ?"

ಎಲ್ಲರೂ ತಿರುಗಿದರು.

"ಅಲ್ಲ, ನಾನು ಹೊಸಬಳು, ಗೊತ್ತಿಲ್ಲ. ಇರೋದು ಇಷ್ಟೇ ಜನ. ಅರ್ಧ ಕೋಣೆ ಖಾಲಿನೇ ಬಿದ್ದಿರುತ್ತೆ. ಅಲ್ಲಿ ಹೊರಗೆ ನೂಲು ಟಾರ್ಪಾಲಿನ ಕೆಳಗೆ ಬಿದ್ದಿದೆ. ನನ್ನ ಮಗೂನ ಎಬ್ಬಿಸಿ ಆ ಜಾಗ ನೂಲಿಗೆ ಕೊಡೋ ಬದಲು, ಈ ಅರ್ಧ..." ಅಷ್ಟು ಹೇಳಿ ಲೋಟ ಎತ್ತಿ ಮುಖಕ್ಕೆ ಅಡ್ಡ ಹಿಡಿದಳು.

ಇಲ್ಲಿಯವರೆಗೆ ಇದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲವೆಂದರೆ ನಂಬುವುದು ಕಷ್ಟ. ಹೆಚ್ಚು ಮಾತು ಬೇಕೆಂದು ಮಾಡಿದ ಕೋಣೆ ಅದು. ಅದನ್ನು ಚಿಕ್ಕದು ಮಾಡುವುದೆಂದರೆ ಇದ್ದಬದ್ದ ಮಾತನ್ನೂ ಕಳೆದುಕೊಂಡ ಹಾಗೆಂದು ನಾವೆಲ್ಲ ಹೆದರಿದ್ದೆವು.

ಟೀ ಮುಂದೆ ಸಾಗಿತು. ನನ್ನ ಸರದಿಯಲ್ಲಿ ನಾನು ಹಿತ್ತಿಲ ಬಾವಿಯ ಬಗ್ಗೆ ಹೇಳಿದೆ, ಅತ್ತೆಯ ಮಂಡಿಯ ಬಗ್ಗೆ ಹೇಳಿದೆ, ಕೂಸಿನ ಕೋಣೆ ಹೋದರೆ ಸೋಮವಾರದಿಂದ ನಾನು ಬರುವುದಿಲ್ಲವೆಂದು ಹೇಳಿದೆ. ಧ್ವನಿ ಸ್ವಲ್ಪ ನಡುಗಿತು. ನಡುಗಿದರೂ ಕೇಳಿಸಿತಲ್ಲ. ವಾಮನರಾಯರು ಹುಬ್ಬೇರಿಸಿ "ಸೋಮವಾರದಿಂದಲೇ? ಮುಂಗಾರಿನ ಆರ್ಡರ್ ತಲೆ ಮೇಲಿದೆ" ಎಂದರು. "ಅದೇ ಹೇಳ್ತಿರೋದು ರಾಯರೇ" ಎಂದಳು ನನ್ನ ಪಕ್ಕದವಳು. ಗೋಡೆ ಕಟ್ಟಲು ಖರ್ಚೆಲ್ಲಿದೆ ಎಂದು ವಾಮನರಾಯರು ಕೇಳಿದ್ದಕ್ಕೆ ದ್ಯಾವಣ್ಣ, ಒಡೆದ ಇಟ್ಟಿಗೆ ಇನ್ನೂ ಹಿಂದುಗಡೆಯೇ ಬಿದ್ದಿದೆ, ಅದರ ಮೇಲೆ ಕೂತೇ ತಾನು ದಿನಾ ಬೀಡಿ ಸೇದುವುದು ಎಂದ. ಮರದ ಪರದೆ ಸಾಲದೇ ಎಂದು ಒಬ್ಬರು, ಗೋಡೆ ಸೂರು ಮುಟ್ಟದಿದ್ದರೆ ಎರಡು ಕೋಣೆಯಾಗುವುದಿಲ್ಲ, ಉಗ್ರಾಣದಲ್ಲಿ ಕೂಲಿಯವರು ಆಡುವ ಹರಟೆಯೆಲ್ಲ ಮೀಟಿಂಗಿನ ಲೆಕ್ಕಕ್ಕೆ ಹೋಗುತ್ತದೆ ಎಂದು ಇನ್ನೊಬ್ಬರು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತು ಇಡುತ್ತಾ ಹೋದರು. ಎಲ್ಲರೂ ಒಪ್ಪಿದರೆಂದಲ್ಲ, ವಾಮನರಾಯರು ಎರಡು ಸಲ "ಇದು ಆಗೋ ಮಾತಲ್ಲ" ಎಂದರು. ಮೂರನೆಯ ಸಲ ಅವರೇ ಕಾಗದ ತೆಗೆದು ಗೋಡೆಯ ಗೆರೆ ಎಳೆದು ತೋರಿಸಿದರು.

ಕೊನೆಯ ಲೋಟ ಪಂಚಾಕ್ಷರಯ್ಯನವರ ಕೈಗೆ ಬಂತು. ಅವರು ಗಂಟಲು ಸರಿಮಾಡಿಕೊಂಡು ಬಾಯಿ ತೆರೆದರು.

ಸದ್ದಿಲ್ಲ.

ಅವರು ಇನ್ನೊಮ್ಮೆ ಪ್ರಯತ್ನಿಸಿದರು. ತುಟಿ ಆಡಿತು, ಹಣೆಯ ಮೇಲೆ ಗೆರೆ ಮೂಡಿತು. ಕೋಣೆಯ ಮಾತು ಅವರ ಸರದಿಗೆ ಮೊದಲೇ ತೀರಿದ್ದು ಕಾರ್ಖಾನೆ ಶುರುವಾದಾಗಿನಿಂದ ಅದೇ ಮೊದಲು. ದ್ಯಾವಣ್ಣ ತಡೆಯಲಾಗದೆ ನಕ್ಕುಬಿಟ್ಟ, ನಗುವಿಗೆ ಲೆಕ್ಕವಿಲ್ಲವಲ್ಲ. ನಾಲ್ಕಾರು ಜನ ಸೇರಿಕೊಂಡರು. ವಾಮನರಾಯರು ಗೋಡೆಯ ಮೇಲೆ ತೂಗುಹಾಕಿದ್ದ ನಿಯಮದ ಹಲಗೆಯ ಕಡೆ ಬೆರಳು ತೋರಿಸಿದರು. ಸದ್ದು ಬರದಿದ್ದರೆ ಒಪ್ಪಿಗೆ. ಅಷ್ಟೇ, ಮುಗಿಯಿತು. ಕೂಸಿನ ಕೋಣೆ ಉಳಿಯಿತು. ಜನ ಕುರ್ಚಿ ಹಿಂದೆ ಸರಿಸಿದರು. ನನ್ನ ಎದೆ ಹಗುರವಾಯಿತು. ಸುಳ್ಳು ಏಕೆ ಹೇಳಲಿ, ಒಂದು ಗಳಿಗೆ ನಾನೂ ಎದ್ದು ಹೊರಟೇಬಿಡೋಣ ಎಂದುಕೊಂಡೆ.

ಆದರೆ ಪಂಚಾಕ್ಷರಯ್ಯನವರು ಇನ್ನೂ ತುಟಿ ಆಡಿಸುತ್ತಿದ್ದರು. ನಮ್ಮ ಮೇಲೆ ಕೋಪವಿದ್ದಂತೆ ಕಾಣಲಿಲ್ಲ. ಯಾವುದೋ ಒಂದು ವಿಷಯ ಹೇಳಲೇಬೇಕಿತ್ತು. ಪಡುವಣ ಗೋಡೆಯ ಕಡೆ ನೋಡುತ್ತಿದ್ದರು, ಮತ್ತೆ ನಮ್ಮ ಕಡೆ. ಸದ್ದಿಲ್ಲದ ತುದಿಯಲ್ಲಿ ಕೂತು ಹಾಗೆ ನೋಡುವುದೆಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ನಾನು ತಟ್ಟೆ ಕೆಳಗಿಟ್ಟು, ಬಾಗಿಲು ತೆರೆದು, ಅವರ ಹತ್ತಿರ ಹೋಗಿ ಕುರ್ಚಿಯ ಬೆನ್ನು ಹಿಡಿದು, ಹೊರಗೆ ಬನ್ನಿ ಎಂದು ತಲೆಯಲ್ಲೇ ಹೇಳಿದೆ. ಮೆಹರುನ್ನಿಸಾ ಮೊದಲು ಎದ್ದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಅಂಗಳಕ್ಕೆ ಇಳಿದೆವು. ವಾಮನರಾಯರು ಕೊನೆಗೆ ಬಂದರು. ಅಂಗಳದಲ್ಲಿ ಅಷ್ಟೂ ಜನ ಇದ್ದೆವು, ಬೇಕಾದಷ್ಟು ಮಾತು ಇತ್ತು, ಆದರೂ ಯಾರೂ ಆಡಲಿಲ್ಲ. ಎಲ್ಲರೂ ಪಂಚಾಕ್ಷರಯ್ಯನವರ ಬಾಯಿಯನ್ನೇ ನೋಡುತ್ತಿದ್ದೆವು. ಅಷ್ಟು ಕಿವಿಗಳು ಒಟ್ಟಿಗೆ ತಮ್ಮ ಕಡೆ ತಿರುಗಿದ್ದಕ್ಕೋ ಏನೋ, ಅವರಿಗೆ ಹೆಚ್ಚು ಮಾತು ಬೇಕಾಗಲಿಲ್ಲ.

"ಪಡುವಣ ಗೋಡೆ ಮಳೆಗಾಲದಲ್ಲಿ ಬೆವರುತ್ತೆ" ಎಂದರು. "ಹಿಂದೆ ಉಗ್ರಾಣ ನೋಡ್ಕೊಳ್ತಿದ್ದವರು ನನಗೆ ಹೇಳಿದ್ರು. ನೂಲು ಅಲ್ಲಿದ್ದಾಗಲೂ ಗೋಡೆ ಪಕ್ಕದ್ದು ಕೊಳೀತಿತ್ತು. ಗೋಡೆ ಒಡೆಯೋಕೆ ನಾನು ಒಪ್ಪಿದ್ದಕ್ಕೆ ಅದೂ ಒಂದು ಕಾರಣ. ಮತ್ತೆ ಅಲ್ಲೇ ಇಟ್ರೆ ಈ ಸಲವೂ ಹಾಳಾಗುತ್ತೆ. ಆಗ ಕೂಸಿನ ಕೋಣೆ ಹೋಗೇ ಹೋಗುತ್ತೆ, ನಾನು ತಡೆಯೋಕಾಗಲ್ಲ. ಅದನ್ನ ಹೇಳೋಕೆ ಹೊರಟೆ."

ನಮ್ಮಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಅವರ ಅಷ್ಟೊಂದು ಶನಿವಾರಗಳ ಮಾತಿನ ನಡುವೆ ಎಲ್ಲೋ ಇದನ್ನೂ ಹೇಳಿದ್ದರೋ ಏನೋ, ನಾವು ಕಿವಿಗೆ ಹಾಕಿಕೊಂಡಿರಲಿಕ್ಕಿಲ್ಲ. ಎದ್ದು ಹೋಗಿದ್ದರೆ ಖುಷಿಯಾಗಿ ಗೋಡೆ ಕಟ್ಟಿ, ನೂಲು ಜೋಡಿಸಿ, ಮಳೆ ಬರುವುದನ್ನು ಕಾಯುತ್ತಿದ್ದೆವು.

ತಿಮ್ಮಜ್ಜಿ ಮೆಹರುನ್ನಿಸಾಳ ಕೂಸನ್ನು ಸೊಂಟಕ್ಕೇರಿಸಿಕೊಂಡು ಬಾಗಿಲಲ್ಲಿ ಬಂದು ನಿಂತಳು. ಮೆಹರುನ್ನಿಸಾ ಮಗುವನ್ನು ಎತ್ತಿಕೊಂಡು, ಅದರ ಬೆನ್ನು ತಟ್ಟುತ್ತಾ, ಈ ಸಲ ಯಾರೂ ಲೋಟ ಕೊಡದೆಯೇ ಕೇಳಿದಳು: "ಹಾಗಾದ್ರೆ ಒದ್ದೆ ಕಡೆ ನಾವೇ ಕೂತ್ರೆ? ಮೂಡಣ ಕಡೆ ನೂಲು ಇರ್ಲಿ, ಪಡುವಣ ಕಡೆ ಮೀಟಿಂಗ್ ಆಗ್ಲಿ. ವಾರಕ್ಕೊಂದು ದಿನ ತಾನೆ?"

"ನಾವೇನು ಬೂಷ್ಟು ಹಿಡಿಯಲ್ಲ" ಎಂದ ದ್ಯಾವಣ್ಣ. "ರಾಯರ ಮಾತು ಮಾತ್ರ ಹೇಳಕ್ಕಾಗಲ್ಲ."

"ನಿನ್ನ ತಮಾಷೆಗೆ ಹಿಡಿದು ವರ್ಷಗಳಾಯ್ತು ಕಣಯ್ಯ" ಎಂದರು ವಾಮನರಾಯರು. ಅವರಿಬ್ಬರೂ ಹಾಗೆ ಮಾತಾಡಿಕೊಂಡದ್ದು ಕೇಳಿ ಎಷ್ಟೋ ದಿನಗಳಾಗಿದ್ದವು.

ಪಂಚಾಕ್ಷರಯ್ಯನವರು ನಗಲಿಲ್ಲ. ಮೆಹರುನ್ನಿಸಾಳ ಹತ್ತಿರ ಬಂದು, "ಒದ್ದೆ ಕಡೆ ಕೋಣೆ ತೀರ ಚಿಕ್ಕದಾಗುತ್ತಮ್ಮ. ಮಾತು ಈಗಿನ ಅರ್ಧ ಸಿಗುತ್ತೆ. ಸಾಕಾಗುತ್ತಾ?" ಎಂದು ಕೇಳಿದರು. ಅವಳನ್ನು ಕೇಳಿದರು. ಅವಳು ಯೋಚಿಸಿದಳು. ಎಲ್ಲರೂ ಕಾದೆವು.

"ಹಂಚಿಕೊಂಡ್ರೆ ಸಾಕು ಸಾರ್" ಎಂದಳು. "ಸಾಲದಿದ್ರೆ ಹೊರಗೆ ಬರೋಣ."

ಪಂಚಾಕ್ಷರಯ್ಯನವರು ಒಳಗೆ ಹೋಗಿ ನಿಯಮದ ಹಲಗೆಯನ್ನು ಮೊಳೆಯಿಂದ ಇಳಿಸಿ ತಂದು, ಮೇಸ್ತ್ರಿಗೆ ಗಾರೆ ಕಲಸಲು ಬೇಕಾಗುತ್ತದೆಂದು ಇಟ್ಟಿಗೆ ರಾಶಿಯ ಮೇಲೆ ಬೋರಲು ಹಾಕಿದರು. ಮುಂದಿನ ಶನಿವಾರದ ಅಂಗಳದ ಟೀ ಎಷ್ಟು ಹೊತ್ತಿಗೆ ಎಂದು ನನ್ನನ್ನು ಮೆಲ್ಲಗೆ ಕೇಳಿದರು. ಬಿಸಿಲು ಬಂದ ಮೇಲೆ, ಶಕುಂತಲಮ್ಮನವರನ್ನೂ ಕರೆದುಕೊಂಡು ಬನ್ನಿ, ಆ ಅಜ್ಜನ ಕಥೆ ಅವರಿಗೆ ಗೊತ್ತಿದೆಯೋ ಇಲ್ಲವೋ ಎಂದೆ. ಅವರು ಅದನ್ನೇ ಯೋಚಿಸುತ್ತಾ ಮನೆಯ ಕಡೆ ನಡೆದರು.

ಸೋಮವಾರ ಬೆಳಿಗ್ಗೆ ಕಾರ್ಖಾನೆಗೆ ಹೋದಾಗ ಗೋಡೆ ಮೊಣಕಾಲಿನಷ್ಟು ಎದ್ದಿತ್ತು. ದ್ಯಾವಣ್ಣ ಬೀಡಿ ಸೇದಲು ಕೂರುವ ಜಾಗ ಹೋಯಿತೆಂದು ಗೊಣಗುತ್ತಾ ಇಟ್ಟಿಗೆ ಎತ್ತಿ ಕೊಡುತ್ತಿದ್ದ. ಕೂಸಿನ ಕೋಣೆಯ ಬಾಗಿಲಲ್ಲಿ ಕುಸುಮಿಯನ್ನು ಇಳಿಸಿದೆ. ಬೇರೆ ದಿನಗಳಲ್ಲಿ ನನ್ನ ಸೆರಗು ಹಿಡಿದು ಸ್ವಲ್ಪ ಹೊತ್ತು ನಿಲ್ಲುತ್ತಾಳೆ. ಅಂದು ತಿಮ್ಮಜ್ಜಿಗೆ ಏನೋ ಹೇಳುವುದಿತ್ತೆಂದು ಕಾಣುತ್ತದೆ, ಸೆರಗು ಬಿಟ್ಟು, ಚಪ್ಪಲಿ ಅಲ್ಲೇ ಎಸೆದು, ಒಳಗೆ ಓಡಿದಳು. ನಾನು ಚಪ್ಪಲಿಗಳನ್ನು ಜೋಡಿಸಿಟ್ಟು ನನ್ನ ಯಂತ್ರದ ಮುಂದೆ ಹೋಗಿ ಕೂತೆ.